ಒಂದೂವರೆ ಡಿಗ್ರಿ: ಕೈಚೆಲ್ಲಿ ಕೂರಬೇಕಿಲ್ಲ

ಭೂಮಿಯ ಕಾವು 1.5 ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚು ಏರದಂತೆ ಪ್ರಯತ್ನಿಸಲು 2015ರಲ್ಲಿ ಪ್ಯಾರಿಸ್‌ನಲ್ಲಿ ರಾಷ್ಟ್ರಗಳು ಒಪ್ಪಿದ್ದವು. 2024ರಲ್ಲಿ ಏರಿಕೆ ಸುಮಾರು 1.55 ಡಿಗ್ರಿ ಮುಟ್ಟಿತು. ಇನ್ನೇನು ಮಾಡಿ ಫಲವೆಂದು ರೈತ ಬಾಂಧವರು ಕೇಳಬಹುದು.

ಒಂದು ವರ್ಷದ ಲೆಕ್ಕದಿಂದ ಗಡಿ ದಾಟಿತೆನ್ನಲಾಗದು. ಸುಮಾರು 20 ವರ್ಷಗಳ ಸರಾಸರಿ ನೋಡಬೇಕು. ದಾಟಿದರೂ, ಕೆರೆ ಏರಿ ಜಿನುಗಿತೆಂದು ಏರಿಯನ್ನೇ ಯಾರೂ ಬಿಡುವುದಿಲ್ಲ. ಪ್ರತಿ ಡಿಗ್ರಿ ಏರಿಕೆಗೆ ಗಾಳಿ ಶೇಕಡಾ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಸುರಿದರೆ ಬಿರುಮಳೆ, ಇಲ್ಲವಾದರೆ ಮಣ್ಣು ಬೇಗ ಒಣಗುತ್ತದೆ. ಆದ್ದರಿಂದ ತಪ್ಪಿಸಿದ ಕಾಲು ಡಿಗ್ರಿಯೂ ಬೆಳೆಗೆ ಲಾಭವೇ.

ಕಲ್ಲಿದ್ದಲು, ಎಣ್ಣೆಯ ಹೊಗೆಯೇ ಮುಖ್ಯ ಕಾರಣ. ಆದರೂ ಭತ್ತದ ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ, ಆಗಾಗ ಆರಗೊಟ್ಟು ಮತ್ತೆ ಹಾಯಿಸಿದರೆ ಮೀಥೇನ್ ಅನಿಲ ತಗ್ಗುತ್ತದೆ, ನೀರೂ ಉಳಿಯುತ್ತದೆ. ಹೂಬಿಡುವಾಗ ಮಾತ್ರ ನೀರು ತಪ್ಪಬಾರದು.