ಜೈಲಿನ ಬಾಗಿಲಲ್ಲೇ ಕೇಳಬೇಕಾದ ಪ್ರಶ್ನೆಗಳು

2021ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿ 5,54,034 ಕೈದಿಗಳಿದ್ದರು. ಅವರಲ್ಲಿ ಮಾನಸಿಕ ಕಾಯಿಲೆ ಇದೆ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಲ್ಲಿ ನಮೂದಾದವರು 9,180 ಮಂದಿ. ಅಂದರೆ ನೂರು ಜನ ಕೈದಿಗಳಲ್ಲಿ ಇಬ್ಬರೂ ಇಲ್ಲ. ಈ ಲೆಕ್ಕದ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನು ಇಟ್ಟು ನೋಡಬೇಕು. ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್‌ನ ಸುರೇಶ್ ಬಡಾ ಮಠ್, ಪ್ರತಿಮಾ ಮೂರ್ತಿ ಮತ್ತು ಸಂಗಡಿಗರು ಅಧ್ಯಯನವೊಂದನ್ನು ನಡೆಸಿ 2011ರಲ್ಲಿ ಪ್ರಕಟಿಸಿದರು. ಅವರು ಪರೀಕ್ಷಿಸಿದ್ದು 5,024 ಕೈದಿಗಳನ್ನು. ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತುಗಳ ಬಳಕೆಯ ಸಮಸ್ಯೆ, ಎರಡರಲ್ಲಿ ಒಂದಾದರೂ ಇದ್ದವರು 4,002 ಮಂದಿ, ಶೇ. 79.6. ಈ ಅಂಕಿ ಉಬ್ಬಿದೆ, ಚಟಗಳನ್ನೆಲ್ಲ ಕಾಯಿಲೆಯ ಖಾತೆಗೆ ಸೇರಿಸಿದ್ದಾರೆ ಎಂದು ಯಾರಾದರೂ ಹೇಳಬಹುದು. ಸರಿ, ಚಟಗಳನ್ನು ಪೂರ್ತಿ ಬಿಟ್ಟೇ ಎಣಿಸೋಣ. ಆಗಲೂ 1,389 ಕೈದಿಗಳು, ಶೇ. 27.6 ಮಂದಿ, ಚಿಕಿತ್ಸೆ ಬೇಕಾದ ಮಾನಸಿಕ ತೊಂದರೆಯಲ್ಲಿದ್ದರು.

ನೂರಕ್ಕೆ ಇಬ್ಬರಿಗಿಂತ ಕಡಿಮೆ ಎಲ್ಲಿ, ನೂರಕ್ಕೆ ಇಪ್ಪತ್ತೇಳು ಎಲ್ಲಿ? ಬೆಂಗಳೂರಿನ ಜೈಲಿನ ಗಾಳಿಯಲ್ಲಿ ಏನೋ ವಿಶೇಷವಿದೆ ಎಂದು ಇದಕ್ಕೆ ಸಮಾಧಾನ ಹೇಳಲಾಗದು. ಹನ್ನೆರಡು ದೇಶಗಳ ಸುಮಾರು 23,000 ಕೈದಿಗಳ ಮೇಲೆ ನಡೆದ 62 ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೇಖನವೂ ಇಂಥದೇ ಚಿತ್ರ ಕೊಡುತ್ತದೆ. ಚಿತ್ತವಿಕಲತೆಯ ಗಂಭೀರ ಕಾಯಿಲೆಗಳೇ ನೂರಕ್ಕೆ ನಾಲ್ವರಲ್ಲಿ, ತೀವ್ರ ಖಿನ್ನತೆ ಗಂಡಸರಲ್ಲಿ ನೂರಕ್ಕೆ ಹತ್ತು, ಹೆಂಗಸರಲ್ಲಿ ಹನ್ನೆರಡು. ಎರಡು ಲೆಕ್ಕಗಳ ನಡುವಿನ ವ್ಯತ್ಯಾಸಕ್ಕೆ ಕಾರಣ ಬಹಳ ಸರಳ. ಒಂದು ಕಡೆ ಕೂಗಾಡಿದವರನ್ನು, ಬಟ್ಟೆ ಹರಿದುಕೊಂಡವರನ್ನು, ಈಗಾಗಲೇ ಔಷಧಿ ತೆಗೆದುಕೊಳ್ಳುತ್ತಿದ್ದವರನ್ನು ಎಣಿಸಿದ್ದಾರೆ. ಇನ್ನೊಂದು ಕಡೆ ಒಬ್ಬೊಬ್ಬರನ್ನೂ ಎದುರು ಕೂರಿಸಿಕೊಂಡು, ಸಿದ್ಧ ಪ್ರಶ್ನಾವಳಿ ಹಿಡಿದು, ಕೇಳಿ ಎಣಿಸಿದ್ದಾರೆ. ಕೇಳಿದಲ್ಲಿ ಕಾಯಿಲೆ ಸಿಕ್ಕಿತು, ಕೇಳದಲ್ಲಿ ಸಿಗಲಿಲ್ಲ. ಕಾನೂನೂ ಇಲ್ಲಿ ಅರಿಯದೆಯೇ ಒಂದು ತೊಡಕು ಮಾಡಿಟ್ಟಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಸೆಕ್ಷನ್ನಿನ ಪ್ರಕಾರ ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಪರಿಶೀಲನಾ ಮಂಡಳಿಗೆ ವರದಿ ಕಳಿಸಬೇಕು. ಜೈಲಿನಲ್ಲಿ ಮಾನಸಿಕ ಕಾಯಿಲೆಯ ಕೈದಿಗಳು ಇಲ್ಲ ಎಂದು ಅದರಲ್ಲಿ ದೃಢೀಕರಿಸಬೇಕು. ಅಂಥವರು ಬ್ಯಾರಕ್ಕಿನಲ್ಲಿ ಕೊಳೆಯಬಾರದು, ಆಸ್ಪತ್ರೆಗೆ ಹೋಗಬೇಕು ಎಂಬುದು ಶಾಸನದ ಸದುದ್ದೇಶ. ಆದರೆ ‘ಇಲ್ಲ’ ಎಂದು ಬರೆಯುವುದು ಸುಲಭ, ‘ಇದ್ದಾರೆ’ ಎಂದು ಬರೆಯಲು ಹುಡುಕಬೇಕು. ಹುಡುಕುವವರೇ ಇಲ್ಲದಿದ್ದರೆ ಯಾವ ಉತ್ತರ ಬರೆಯಲಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಹುಡುಕುವ ಆ ಕೆಲಸ ಯಾರದು? ಮನೋವೈದ್ಯರ ಜೊತೆಯಲ್ಲಿ ಅದನ್ನು ಮಾಡಬೇಕಾದವರು ಫೊರೆನ್ಸಿಕ್ ಮನಃಶಾಸ್ತ್ರಜ್ಞರು, ಅಂದರೆ ಕಾನೂನು ಮತ್ತು ಮನಸ್ಸು ಸಂಧಿಸುವ ಜಾಗದಲ್ಲಿ ದುಡಿಯುವವರು. ನಮ್ಮಲ್ಲಿ ಈ ಹೆಸರು ಕೇಳಿದೊಡನೆ ಜನರ ಕಣ್ಣಿಗೆ ಬರುವುದು ಸುಳ್ಳುಪತ್ತೆ ಯಂತ್ರ, ಮಂಪರು ಪರೀಕ್ಷೆ, ಮಿದುಳಿನ ಅಲೆಗಳ ನಕ್ಷೆ. ಅದಕ್ಕೆ ಕಾರಣವೂ ಇದೆ. ಒಂದು ಕಾಲಕ್ಕೆ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ಇಂಥ ಪರೀಕ್ಷೆಗಳಿಗಾಗಿಯೇ ದೇಶದಾದ್ಯಂತ ಸುದ್ದಿಯಲ್ಲಿತ್ತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು ಇದಕ್ಕೆ ಕಡಿವಾಣ ಹಾಕಿತು. ಒಪ್ಪಿಗೆಯಿಲ್ಲದೆ ಯಾರನ್ನೂ ಈ ಮೂರೂ ಪರೀಕ್ಷೆಗಳಿಗೆ ಒಳಪಡಿಸುವಂತಿಲ್ಲ, ಅದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಸಂವಿಧಾನದತ್ತ ಹಕ್ಕಿಗೆ ವಿರುದ್ಧ ಎಂದಿತು. ಇದರ ಮರುವರ್ಷ ಪರಪ್ಪನ ಅಗ್ರಹಾರದ ವರದಿ ಹೊರಬಂತು. ಎರಡೂ ಕರ್ನಾಟಕದವೇ. ಒಂದು, ಕೈದಿಯ ಮನಸ್ಸಿನೊಳಗೆ ಬಲವಂತವಾಗಿ ನುಗ್ಗಿ ತಪ್ಪೊಪ್ಪಿಗೆ ಕೀಳುವ ದಾರಿಯನ್ನು ಮುಚ್ಚಿತು. ಇನ್ನೊಂದು, ಸಮಾಧಾನದಿಂದ ಕೇಳಿದರೆ ಅದೇ ಮನಸ್ಸಿನಲ್ಲಿ ಎಷ್ಟು ಕಾಯಿಲೆ ಕಾಣುತ್ತದೆ ಎಂದು ತೋರಿಸಿತು. ಈ ವೃತ್ತಿಗೆ ಬರುವ ಯುವಕ ಯುವತಿಯರಿಗೆ ಸಮಾಜ ತೋರಿಸಬೇಕಾದದ್ದು ಎರಡನೆಯ ದಾರಿಯನ್ನು. ಸುಳ್ಳು ಪತ್ತೆ ಮಾಡುವುದಕ್ಕಿಂತ ಕಾಯಿಲೆ ಪತ್ತೆ ಮಾಡುವುದರಲ್ಲೇ ಫೊರೆನ್ಸಿಕ್ ಮನಃಶಾಸ್ತ್ರದ ನಿಜವಾದ ಉಪಯೋಗವಿದೆ.

ಆ ಕೆಲಸ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ನಂಜನಗೂಡಿನ ಅಥವಾ ಟಿ. ನರಸೀಪುರದ ನ್ಯಾಯಾಲಯ ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದ ಆರೋಪಿ ಸಾಮಾನ್ಯವಾಗಿ ಬಂದು ಸೇರುವುದು ಮೈಸೂರಿನ ಕೇಂದ್ರ ಕಾರಾಗೃಹಕ್ಕೆ. ಹೊಡೆದಾಟದ ಕೇಸಿನಲ್ಲಿ ಸಿಕ್ಕಿಬಿದ್ದ, ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದ ಒಬ್ಬ ಕೂಲಿಯಾಳು ಹೀಗೆ ಬಂದ ಎಂದುಕೊಳ್ಳಿ. ಕುಡಿತ ಬಂಧನದ ಗಳಿಗೆಯಲ್ಲೇ ನಿಂತಿದೆ. ಮೊದಲ ದಿನ ಕೈ ನಡುಗುತ್ತದೆ, ಬೆವರುತ್ತಾನೆ, ನಿದ್ದೆ ಬರುವುದಿಲ್ಲ. ಎರಡನೆಯ ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆಯುವಾಗ ಗೋಡೆಯ ಮೇಲೆ ಹುಳು ಹರಿದಂತೆ ಕಾಣುತ್ತದೆ, ಯಾರೋ ಕೊಲ್ಲಲು ಬಂದರೆಂದು ಚೀರುತ್ತಾನೆ, ತಾನೆಲ್ಲಿದ್ದೇನೆ ಎಂಬುದೂ ತಿಳಿಯದು. ಕಾವಲಿನ ವಾರ್ಡರ್‌ಗೆ ಇದು ನಾಟಕವಾಗಿಯೋ ಹುಚ್ಚಾಗಿಯೋ ಕಂಡರೆ ಆತನದು ತಪ್ಪಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ವೈದ್ಯಕೀಯವಾಗಿ ಇದು ಪ್ರಾಣಕ್ಕೇ ಎರವಾಗಬಲ್ಲ ಸ್ಥಿತಿ, ಸಕಾಲದಲ್ಲಿ ಔಷಧಿ ಕೊಟ್ಟರೆ ತಡೆಯಬಹುದಾದ ಸ್ಥಿತಿಯೂ ಹೌದು. ಅದನ್ನು ತಡೆಯಲು ಜೈಲಿನ ಬಾಗಿಲಲ್ಲಿ ಎರಡೇ ಪ್ರಶ್ನೆ ಕೇಳಿದ್ದರೆ ಸಾಕಿತ್ತು: ದಿನಕ್ಕೆ ಎಷ್ಟು ಕುಡಿಯುತ್ತೀಯ, ಕೊನೆಯ ಸಲ ಕುಡಿದದ್ದು ಯಾವಾಗ? ಹೀಗೆಯೇ ಇನ್ನು ಕೆಲವು ಪ್ರಶ್ನೆಗಳಿವೆ. ಮೊದಲು ಎಂದಾದರೂ ಮಾನಸಿಕ ಚಿಕಿತ್ಸೆ ಪಡೆದದ್ದುಂಟೆ? ಈಗ ಯಾವ ಮಾತ್ರೆ ನುಂಗುತ್ತಿದ್ದೀಯ? ಯಾರೂ ಇಲ್ಲದಿರುವಾಗ ದನಿಗಳು ಕೇಳಿಸುತ್ತವೆಯೆ? ಸಾಯಬೇಕೆಂದು ಅನ್ನಿಸಿದೆಯೆ, ಹಿಂದೆ ಪ್ರಯತ್ನಿಸಿದ್ದುಂಟೆ? 2021ರಲ್ಲಿ ದೇಶದ ಜೈಲುಗಳಲ್ಲಿ ಸಂಭವಿಸಿದ 185 ಅಸಹಜ ಸಾವುಗಳಲ್ಲಿ 150 ಆತ್ಮಹತ್ಯೆಗಳು ಎಂಬುದನ್ನು ನೆನೆದರೆ ಕೊನೆಯ ಪ್ರಶ್ನೆಯ ತೂಕ ತಿಳಿಯುತ್ತದೆ.

ಪ್ರಶ್ನೆ ಕೇಳುವುದಕ್ಕೂ ಕಲಿಕೆ ಬೇಕು. ಮನಃಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮುಗಿಸಿದವರು ಭಾರತೀಯ ಪುನರ್ವಸತಿ ಮಂಡಳಿಯ ಮಾನ್ಯತೆಯುಳ್ಳ ಎರಡು ವರ್ಷದ ಎಂ.ಫಿಲ್. ಮಾಡಿ ಚಿಕಿತ್ಸಾ ಮನಃಶಾಸ್ತ್ರಜ್ಞರಾಗುವುದು ಇದುವರೆಗಿನ ರಾಜಮಾರ್ಗ. ನಿಮ್ಹಾನ್ಸ್‌ನಲ್ಲಿ ಈ ತರಬೇತಿಗೆ 1950ರ ದಶಕದಷ್ಟು ಹಳೆಯ ಬೇರುಗಳಿವೆ. ಫೊರೆನ್ಸಿಕ್ ವಿಷಯಗಳಿಗೇ ಮೀಸಲಾದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ 2020ರಲ್ಲಿ ಗಾಂಧಿನಗರದಲ್ಲಿ ಹುಟ್ಟಿತು, ಧಾರವಾಡಕ್ಕೂ ಬಂದಿದೆ. ಮೈಸೂರು ಭಾಗದ ವಿದ್ಯಾರ್ಥಿಗಳು ಬಹಳ ದೂರ ನೋಡಬೇಕಾಗಿಯೂ ಇಲ್ಲ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರಲ್ಲಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಆರಂಭಿಸಿದ್ದು 1924ರಲ್ಲಿ. ದೇಶದ ಅತಿ ಹಳೆಯ ವಿಭಾಗಗಳಲ್ಲಿ ಅದೂ ಒಂದು. ಮಹಾರಾಜ ಕಾಲೇಜಿನಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ಅಧ್ಯಯನವೂ ನಡೆಯುತ್ತಿದೆ. ಅಧ್ಯಯನಕ್ಕೆ ವಿಷಯವೂ ಇಲ್ಲೇ ಇದೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಮೈಸೂರು ಜೈಲಿನ ಕೈದಿಗಳಿಂದ ನಾಟಕ ಆಡಿಸಿ, ಜೈಲಿನ ಗೋಡೆಯೊಳಗೂ ಮನಸ್ಸು ಅರಳಬಲ್ಲದೆಂದು ತೋರಿಸಿದ್ದಾರೆ. ರಂಗಭೂಮಿ ಮಾಡಿದ್ದರ ಪಕ್ಕದಲ್ಲಿ ವಿಜ್ಞಾನದ ಅಳತೆಯೂ ನಡೆಯಬೇಕು. ನಾಟಕದಲ್ಲಿ ಭಾಗವಹಿಸಿದವರ ಖಿನ್ನತೆ ಎಷ್ಟು ಇಳಿಯಿತು, ಎಷ್ಟು ಕಾಲ ಇಳಿದೇ ಇತ್ತು ಎಂದು ಅಳೆದು ಹೇಳುವುದು ಸಂಶೋಧಕರ ಕೆಲಸ.

ಕಾನೂನಿನ ಮಟ್ಟದಲ್ಲಿ ಇವರ ಮುಂದೆ ಮೂರು ಬೇರೆ ಬೇರೆ ಪ್ರಶ್ನೆಗಳಿರುತ್ತವೆ, ಜನ ಅವನ್ನು ಒಂದೇ ಎಂದು ತಿಳಿಯುವುದೇ ಹೆಚ್ಚು. ಕೃತ್ಯ ಎಸಗಿದ ಹೊತ್ತಿಗೆ ಆರೋಪಿಗೆ ತಾನು ಮಾಡುತ್ತಿರುವುದೇನೆಂಬ ಅರಿವಿತ್ತೇ ಎಂಬುದು ಮೊದಲನೆಯದು. ಐಪಿಸಿಯ 84ನೇ ಸೆಕ್ಷನ್ನಿನಲ್ಲಿದ್ದ ಈ ರಕ್ಷಣೆ ಈಗ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್ನಿನಲ್ಲಿದೆ. ಈಗ ವಿಚಾರಣೆಯನ್ನು ಅರ್ಥ ಮಾಡಿಕೊಂಡು ತನ್ನ ಪರ ವಾದಿಸಿಕೊಳ್ಳುವ ಶಕ್ತಿ ಅವನಿಗಿದೆಯೇ ಎಂಬುದು ಎರಡನೆಯದು. ಇವತ್ತು ಅವನಿಗೆ ಚಿಕಿತ್ಸೆ ಬೇಕೇ ಎಂಬುದು ಮೂರನೆಯದು. ಎರಡನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ವಿಚಾರಣೆಯನ್ನು ಮುಂದೂಡಲಾಗುತ್ತದೆ. ಮೂರನೆಯದನ್ನು ಯಾರೂ ವಿಚಾರಿಸದಿದ್ದರೆ ಅವನು ವಾಸಿಯಾಗುವುದಿಲ್ಲ. ವಾಸಿಯಾಗದೆ ವಿಚಾರಣೆ ನಡೆಯುವುದಿಲ್ಲ. ಹುಚ್ಚು ಬಿಡೋವರೆಗೂ ಮದುವೆ ಆಗೋದಿಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡೋದಿಲ್ಲ ಎಂಬ ಒರಟು ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಅಸ್ಸಾಮಿನ ಮಚಾಂಗ್ ಲಾಲುಂಗ್ 1951ರಲ್ಲಿ ಬಂಧಿತರಾದವರು. ಅವರು ಸ್ವಸ್ಥರಾಗಿದ್ದಾರೆಂದು ಆಸ್ಪತ್ರೆ 1967ರಲ್ಲೇ ಹೇಳಿದ್ದರೂ ಬಿಡುಗಡೆ ಕಂಡದ್ದು 2005ರಲ್ಲಿ. ವಿಚಾರಣೆಯೇ ನಡೆಯದೆ ಐವತ್ತನಾಲ್ಕು ವರ್ಷ ಕಳೆದಿತ್ತು.

ಆಕ್ಷೇಪಗಳು ಇಲ್ಲದಿಲ್ಲ. ಮೊದಲನೆಯದು ಎಲ್ಲರ ಬಾಯಲ್ಲೂ ಬರುವಂಥದು: ತಪ್ಪು ಮಾಡಿದವರಿಗೆ ಇಷ್ಟೆಲ್ಲ ಉಪಚಾರ ಯಾಕೆ, ಅವರಿಂದ ನೊಂದವರನ್ನು ಕೇಳುವವರಾರು? ನೊಂದವರಿಗೆ ನೆರವು ಸಿಗಲೇಬೇಕು. ಆದರೆ ಅದನ್ನು ಕೈದಿಯ ಔಷಧಿ ನಿಲ್ಲಿಸಿ ಕೊಡಲು ಬರುವುದಿಲ್ಲ. ಅದಕ್ಕೂ ಮೊದಲು ನೆನಪಿಡಬೇಕಾದ ಮಾತೊಂದಿದೆ. 2021ರಲ್ಲಿ ಜೈಲಿನಲ್ಲಿದ್ದವರಲ್ಲಿ ಶೇ. 77ರಷ್ಟು ಮಂದಿ ವಿಚಾರಣಾಧೀನರು, ಅಂದರೆ ತಪ್ಪು ಮಾಡಿದ್ದಾರೆಂದು ಯಾವ ನ್ಯಾಯಾಲಯವೂ ಇನ್ನೂ ತೀರ್ಮಾನಿಸದವರು. ಸಜಾಬಂದಿಗಳ ವಿಷಯದಲ್ಲೂ ನ್ಯಾಯಾಲಯ ವಿಧಿಸುವುದು ಸ್ವಾತಂತ್ರ್ಯಹರಣವನ್ನು. ಕಾಯಿಲೆಯನ್ನು ಶಿಕ್ಷೆಯ ಭಾಗವಾಗಿ ಯಾವ ತೀರ್ಪೂ ಬರೆಯುವುದಿಲ್ಲ. ಇನ್ನು ಸ್ವಾರ್ಥದ ಲೆಕ್ಕವನ್ನೇ ಹಾಕಿದರೂ, ಒಳಗೆ ಹೋದವರಲ್ಲಿ ಬಹುಪಾಲು ಜನ ಇಂದಲ್ಲ ನಾಳೆ ಜಾಮೀನಿನ ಮೇಲೋ ಬಿಡುಗಡೆಯಾಗಿಯೋ ಊರಿಗೆ ಮರಳುತ್ತಾರೆ. ಕಪಿಲೆಯ ದಂಡೆಯ ನಂಜನಗೂಡಿಗೆ, ಕಾವೇರಿ ಕಪಿಲೆಯರ ಸಂಗಮದ ನರಸೀಪುರಕ್ಕೆ, ಅವುಗಳ ಸುತ್ತಲ ಹಳ್ಳಿಗಳಿಗೆ ಅವರು ಬರುವಾಗ ಚಿಕಿತ್ಸೆ ಪಡೆದು ಬಂದರೆ ಮನೆಯವರಿಗೂ ನೆರೆಯವರಿಗೂ ಕ್ಷೇಮ.

ಎರಡನೆಯ ಆಕ್ಷೇಪ, ಕಾಯಿಲೆಯ ಸೋಗು ಹಾಕಿ ತಪ್ಪಿಸಿಕೊಳ್ಳುತ್ತಾರೆ ಎಂಬುದು. ಸೋಗು ಹಾಕುವವರು ಇದ್ದಾರೆ, ಅನುಮಾನವೇ ಬೇಡ. ಅವರನ್ನು ಗುರುತಿಸಲು ಬೇಕಾದವರೂ ಇದೇ ತಜ್ಞರು. ನಟಿಸುವವನು ಸಾಮಾನ್ಯವಾಗಿ ಇಲ್ಲದ ಲಕ್ಷಣಗಳನ್ನೆಲ್ಲ ಒಮ್ಮೆಗೇ ಹೇರಿಕೊಳ್ಳುತ್ತಾನೆ, ಕೇಳಿದ್ದಕ್ಕೆಲ್ಲ ಹೂಂಗುಡುತ್ತಾನೆ, ಯಾರೂ ನೋಡದಾಗ ಚೆನ್ನಾಗಿ ಉಂಡು ಮಲಗುತ್ತಾನೆ. ಹಲವು ದಿನ ವಾರ್ಡಿನಲ್ಲಿಟ್ಟು ನಿದ್ದೆ, ಊಟ, ಮಾತು, ನಡವಳಿಕೆಯನ್ನು ದಾಖಲಿಸಿದರೆ ನಟನೆ ಬಹುಕಾಲ ನಿಲ್ಲುವುದಿಲ್ಲ. ಇದರ ಮತ್ತೊಂದು ಮುಖದ ಬಗ್ಗೆ ಯಾರೂ ಮಾತಾಡುವುದಿಲ್ಲ: ನಿಜವಾಗಿ ಕಾಯಿಲೆ ಇದ್ದೂ ಅದನ್ನು ಮುಚ್ಚಿಡುವ ಕೈದಿಗಳು. ‘ಹುಚ್ಚ’ ಎಂಬ ಪಟ್ಟ ಬಂದರೆ ಬ್ಯಾರಕ್ಕಿನಲ್ಲಿ ಬದುಕು ದುರ್ಭರ ಎಂಬ ಹೆದರಿಕೆ ಅವರಿಗೆ. ಮರಣದಂಡನೆಗೆ ಗುರಿಯಾದವರಲ್ಲಿ ಕರ್ನಾಟಕವೂ ಸೇರಿದ ಐದು ರಾಜ್ಯಗಳ 88 ಕೈದಿಗಳನ್ನು ಪ್ರಾಜೆಕ್ಟ್ 39ಎ ಎಂಬ ಸಂಶೋಧನಾ ತಂಡ ಮಾತಾಡಿಸಿ 2021ರಲ್ಲಿ ವರದಿ ಕೊಟ್ಟಿತು. ಅವರಲ್ಲಿ ಶೇ. 62ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿತ್ತು, ಶೇ. 11ರಷ್ಟು ಮಂದಿ ಬೌದ್ಧಿಕ ನ್ಯೂನತೆಯುಳ್ಳವರು. ಪ್ರಾಣವೇ ಪಣಕ್ಕಿರುವ ಪ್ರಕರಣಗಳಲ್ಲೂ ಹೀಗಾದರೆ, ಸಣ್ಣಪುಟ್ಟ ಕೇಸುಗಳಲ್ಲಿ ಗಮನಕ್ಕೆ ಬಾರದೆ ಹೋಗುವವರೆಷ್ಟೋ.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ಬಲವಿದೆ. ಹೊರಗಿರುವ ಹಳ್ಳಿಯವರಿಗೇ ಮನಃಶಾಸ್ತ್ರಜ್ಞರು ಸಿಗದಿರುವಾಗ ಒಳಗಿನವರಿಗೆ ಎಲ್ಲಿಂದ ತರುವುದು? ಇದಕ್ಕೆ ಉತ್ತರವಾಗಿ, ಇರುವ ವ್ಯವಸ್ಥೆಯನ್ನೇ ಹೆಣೆಯಬೇಕು ಎನ್ನುವುದು ಸರಿಯಾದ ಮಾತು. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಿದೆ. ಜೈಲಿನಲ್ಲಿ ಆರಂಭವಾದ ಔಷಧಿ ಬಿಡುಗಡೆಯ ದಿನ ನಿಂತುಹೋಗದಂತೆ, ಕೈದಿಯ ಒಪ್ಪಿಗೆ ಪಡೆದು ಅವನ ಚೀಟಿಯನ್ನು ಆ ಮಂಗಳವಾರದ ಕ್ಲಿನಿಕ್ಕಿಗೆ ತಲುಪಿಸಲು ಹೊಸ ಕಟ್ಟಡವೇನೂ ಬೇಡ. ಟೆಲಿ-ಮಾನಸ್ ಸಹಾಯವಾಣಿ 14416ರ ಸಂಖ್ಯೆಯನ್ನು ಬಿಡುಗಡೆಯ ಕಾಗದದ ಮೇಲೆ ಅಚ್ಚು ಹಾಕಿಕೊಡಲು ಖರ್ಚೂ ಇಲ್ಲ.

ಸಂಶೋಧಕರ ಮೇಲೂ ಒಂದು ಕಟ್ಟುಪಾಡು ಇರಬೇಕು. ಬಾಗಿಲ ಬೀಗದ ಕೈ ಇನ್ನೊಬ್ಬರ ಹತ್ತಿರ ಇರುವಾಗ ಕೈದಿ ಕೊಡುವ ಒಪ್ಪಿಗೆ ಎಷ್ಟು ಮುಕ್ತವಾದದ್ದು? ಈ ಕಾರಣಕ್ಕಾಗಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಗಳಲ್ಲಿ ಕೈದಿಗಳನ್ನು ವಿಶೇಷ ರಕ್ಷಣೆ ಬೇಕಾದ ಗುಂಪಿನಲ್ಲಿ ಸೇರಿಸಿದೆ. ಭಾಗವಹಿಸಿದರೆ ಸನ್ನಡತೆಯ ಅಂಕ ಸಿಗುವುದೆಂಬ ಆಸೆಯಾಗಲಿ, ಒಲ್ಲೆನೆಂದರೆ ಮನೆಯವರ ಭೇಟಿಗೆ ಕತ್ತರಿ ಬೀಳುವುದೆಂಬ ಭಯವಾಗಲಿ ಇರಬಾರದು. ನ್ಯಾಯಾಲಯಕ್ಕೆ ವರದಿ ಬರೆಯುವವರೂ ಅದೇ ಕೈದಿಗೆ ಚಿಕಿತ್ಸೆ ಕೊಡುವವರೂ ಒಬ್ಬರೇ ಆಗಕೂಡದು. ತನ್ನ ಮಾತು ಎಲ್ಲಿಗೆ ಹೋಗುತ್ತದೆ, ಎಲ್ಲಿಗೆ ಹೋಗುವುದಿಲ್ಲ ಎಂಬುದನ್ನು ಮೊದಲ ಭೇಟಿಯಲ್ಲೇ, ಅವನ ಭಾಷೆಯಲ್ಲಿ ತಿಳಿಸಬೇಕು. ಸೆಲ್ವಿ ತೀರ್ಪಿನ ಪಾಠವನ್ನು ತನಿಖಾಧಿಕಾರಿಗಳಷ್ಟೇ ಅಲ್ಲ, ಸಂಶೋಧಕರೂ ಕಲಿಯಬೇಕು.

ಹಾಗಾದರೆ ಆಗಬೇಕಾದದ್ದೇನು? ಪ್ರತಿ ಕೇಂದ್ರ ಕಾರಾಗೃಹದಲ್ಲೂ ಕಾಯಂ ಮನಃಶಾಸ್ತ್ರಜ್ಞರ ಹುದ್ದೆ ಇರಬೇಕು. ಒಳಬರುವ ಪ್ರತಿಯೊಬ್ಬರನ್ನೂ ಮೊದಲ ದಿನವೇ ಆ ಕೆಲವು ಪ್ರಶ್ನೆಗಳನ್ನು ಕೇಳುವ ನಿಯಮ ಚಾಚೂ ತಪ್ಪದೆ ನಡೆಯಬೇಕು. ತ್ರೈಮಾಸಿಕ ವರದಿಯಲ್ಲಿ ‘ಇಲ್ಲ’ ಎಂಬ ಪದದ ಬದಲು ಎಷ್ಟು ಜನರನ್ನು ಪರೀಕ್ಷಿಸಲಾಯಿತು, ಎಷ್ಟು ಜನರಿಗೆ ಚಿಕಿತ್ಸೆ ಆರಂಭವಾಯಿತು ಎಂಬ ಅಂಕಿಗಳಿರಬೇಕು. ಮನಃಶಾಸ್ತ್ರ ಓದಿದ ನಮ್ಮ ಮಕ್ಕಳು ಕೆಲಸಕ್ಕಾಗಿ ಮಹಾನಗರದ ಕಂಪನಿಗಳ ಕಡೆಗೇ ನೋಡುತ್ತಿರುವಾಗ ಸರ್ಕಾರ ಈ ಹುದ್ದೆಗಳನ್ನು ತೆರೆದರೆ ಸಾಕು, ಬರುವವರಿದ್ದಾರೆ. ನಂಜನಗೂಡು, ನರಸೀಪುರದ ಮತದಾರರು ತಮ್ಮ ಶಾಸಕರನ್ನು ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಬಹುದು. ಮೈಸೂರಿನ ಆ ಜೈಲಿನಿಂದ ಮರಳುವವರು ಬಂದು ಬಾಳುವುದು ಅವರ ಬೀದಿಗಳಲ್ಲೇ.