ಗೆರೆ ಎಲ್ಲಿ, ತೀರ್ಪುಗಾರ ಎಲ್ಲಿ?

ನಮ್ಮ ಕಾಸರಗೋಡಿನ ಕೆಂಪು ಮಣ್ಣಿನ ಮೈದಾನವೊಂದರಲ್ಲಿ 100 ಮೀಟರ್ ಓಟ. ಸುಣ್ಣದ ಗೆರೆಯ ಹತ್ತಿರ ತೀರ್ಪುಗಾರ ನಾನು. ನನ್ನ ಸಮೀಪದ ಲೇನಿನ ಹುಡುಗಿಗೆ ಎರಡನೇ ಸ್ಥಾನ ಕೊಟ್ಟೆ. "ಸರ್, ನಾನೇ ಫಸ್ಟ್" ಅಂತ ಕಣ್ಣೀರು ಹಾಕಿದಳು, ನಾನು ಜಗ್ಗಲಿಲ್ಲ. ಸಂಜೆ ಯಾರೋ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಓಟಗಾರರು ಅದರಲ್ಲಿಲ್ಲ, ನಾನಿದ್ದೇನೆ: ಗೆರೆಯಿಂದ ಒಂದು ಮೀಟರ್ ಮುಂದೆ ನಿಂತಿದ್ದೇನೆ!

ಒಂದು ಮೀಟರಿನಲ್ಲಿ ಏನು ಮಹಾ ಅಂತೀರಾ? ಓರೆಯಾಗಿ ನೋಡಿದರೆ ಹತ್ತಿರದ್ದೂ ದೂರದ್ದೂ ಒಂದಕ್ಕೊಂದು ಸರಿದ ಹಾಗೆ ಕಾಣುತ್ತದೆ. ಇದೇ ಪ್ಯಾರಲಾಕ್ಸ್. ಅಳತೆ ಜಾಡಿಯಲ್ಲಿ ನೀರಿನ ಮಟ್ಟಕ್ಕೇ ಕಣ್ಣು ತನ್ನಿ ಎಂದು ಲ್ಯಾಬಿನಲ್ಲಿ ಗದರುವುದು ಇದಕ್ಕೇ. (ಗದರುವವನೂ ನಾನೇ ಮಾರಾಯ್ರೆ.)

ಲೆಕ್ಕ ಹಾಕಿ ನೋಡಿ. ಒಬ್ಬಳ ಲೇನ್ ನನ್ನಿಂದ 2 ಮೀಟರ್ ದೂರ, ಇನ್ನೊಬ್ಬಳದು 10 ಮೀಟರ್. ದೂರದವಳ ಎದೆ ಗೆರೆಗೆ ಬಂದಾಗ ಹತ್ತಿರದವಳು 80 ಸೆಂಟಿಮೀಟರ್ ಮುಂದಿದ್ದರೂ ನನ್ನ ಕಣ್ಣಿಗೆ ಇಬ್ಬರೂ ಸಮ! ಸೆಕೆಂಡಿಗೆ 8 ಮೀಟರ್ ಓಡುವವರಿಗೆ ಅದು ಸೆಕೆಂಡಿನ ಹತ್ತನೇ ಒಂದು ಭಾಗ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸಿನಲ್ಲಿ ಪಿ.ಟಿ. ಉಷಾ ಅವರಿಗೆ ಕಂಚು ತಪ್ಪಿದ್ದು ನೂರನೇ ಒಂದು ಭಾಗದಲ್ಲಿ. ಫೋಟೋ ಫಿನಿಶ್ ಕ್ಯಾಮರಾವನ್ನು ಗೆರೆಯ ನೇರಕ್ಕೇ ಇಡುವುದು ಸುಮ್ಮನೆ ಅಲ್ಲ.

ಈಗ ಪ್ರತಿ ಕ್ರೀಡಾಕೂಟದಲ್ಲೂ ನನ್ನ ಫೋಟೋ ತೆಗೆಸುತ್ತೇನೆ. ತೆಗೆಯುವವರು ನನ್ನ ಬೆನ್ನ ಹಿಂದೆ, ಗೆರೆಯ ನೇರಕ್ಕೇ ನಿಲ್ಲಬೇಕು; ಇಲ್ಲದಿದ್ದರೆ ಫೋಟೋಕ್ಕೂ ಅದೇ ದೋಷ. ಮೊದಲ ಸಲ ಕಾಲು ಸರಿಯಿತ್ತು, ತಲೆ ಮಾತ್ರ ಓಟಗಾರರ ಕಡೆಗೆ ವಾಲಿತ್ತು. ಅಳೆಯುವುದು ಕಣ್ಣು ತಾನೇ, ಕಾಲಲ್ಲವಲ್ಲ! ಈಗ ತಲೆಯೂ ನೆಟ್ಟಗಿದೆ. ಆ ಹುಡುಗಿಯ ಸರ್ಟಿಫಿಕೇಟಿನಲ್ಲಿ ಮಾತ್ರ ಇನ್ನೂ ಎರಡನೇ ಸ್ಥಾನವೇ ಇದೆ.