ಆನೆ ಈಜಿದ ಕಡಲಲ್ಲಿ ನಮ್ಮ ಬಿಡಾರ ಎಲ್ಲಿ?

ನೀಲಿ ಕಡಲು. ನಾಲ್ಕು ಕಾಲು ಬಡಿಯುತ್ತ ಆನೆಯೊಂದು ಈಜುತ್ತಿದೆ. ಕ್ಯಾಮೆರಾ ನೀರಿನೊಳಗಿದೆ!

ಟ್ರಿಕ್ ಶಾಟ್ ಅಂತೀರಾ? ಅಲ್ಲ ಸ್ವಾಮಿ. ತಾರ್ಸೆಮ್ ಸಿಂಗ್ ನಿರ್ದೇಶಿಸಿದ 'ದಿ ಫಾಲ್' (2006) ಚಿತ್ರದ ಆ ಕಲಾವಿದ ಅಂಡಮಾನಿನ ರಾಜನ್. ಮರದ ದಿಮ್ಮಿ ಎಳೆಯಲು ದ್ವೀಪಕ್ಕೆ ತಂದಿದ್ದ ಆನೆ. ಆ ಕೆಲಸ ನಿಂತ ಮೇಲೆ ಹ್ಯಾವ್‌ಲಾಕ್‌ನಲ್ಲಿ ಈಜುತ್ತ ಸ್ಟಾರ್ ಆಯಿತು. 2016ರಲ್ಲಿ ತೀರಿಕೊಂಡಿತು, ಪಾಪ.

ಆ ಶಾಟ್ ನೋಡಿ ನನಗೂ ನನ್ನ ಗೆಳೆಯನಿಗೂ ಸ್ಕೂಬಾ ಹುಚ್ಚು ಹಿಡೀತು. ವರ್ಷವಿಡೀ ಚೀಟಿ ಕಟ್ಟಿದೆವು. 'ಎಲ್ಲಾ ಸೇರಿ ಇಷ್ಟು' ಅಂದ ಏಜೆಂಟನ ಮಾತು ನಂಬಿ ಐದು ದಿನವೂ ಪೋರ್ಟ್‌ಬ್ಲೇರ್‌ನಲ್ಲೇ ಉಳಿದೆವು. (2024ರಿಂದ ಊರಿನ ಹೆಸರು ಶ್ರೀ ವಿಜಯಪುರಂ.) ತಪ್ಪಾಗಿದ್ದೇ ಅಲ್ಲಿ. ನಾರ್ತ್ ಬೇಯಲ್ಲಿ ಸರದಿ ನಿಂತು ನೀರಿಗಿಳಿದರೆ, ಹಿಂದಿನಿಂದ ಸಿಲಿಂಡರ್ ಹಿಡಿದಿದ್ದವನು ಹತ್ತೇ ನಿಮಿಷಕ್ಕೆ ಮೇಲೆತ್ತಿದ. ಟ್ರೈಲರ್ ಮುಗೀತು! ಮಾರನೇ ದಿನ ಹಡಗು ಹತ್ತಿ ಹ್ಯಾವ್‌ಲಾಕ್‌ಗೆ ಓಡಿದೆವು. ಡೈವಿಂಗ್ ದೋಣಿಗಳು ಬೆಳಗಾಗುತ್ತಲೇ ಹೊರಟುಬಿಟ್ಟಿದ್ದವು. ಸಂಜೆ ವಾಪಸ್ ಹಡಗು. ಚೀಟಿ ದುಡ್ಡು ನೀರಿಗೆ ಹೋಯಿತು, ನಾವು ಹೋಗಲಿಲ್ಲ.

ಎರಡನೇ ಸಲ ಬುದ್ಧಿ ಬಂದಿತ್ತು. ಹ್ಯಾವ್‌ಲಾಕ್‌ನಲ್ಲೇ (2018ರಿಂದ ಸ್ವರಾಜ್ ದ್ವೀಪ) ಆರು ರಾತ್ರಿ! ಆದರೆ ಅಲ್ಲೂ ಒಂದು ಮರ್ಮ ಇದೆ ಕಣ್ರೀ. ಫೋಟೋದಲ್ಲಿ ಮೆರೆಯುವ ರಾಧಾನಗರ ಬೀಚ್ ಪಶ್ಚಿಮಕ್ಕಿದೆ. ಡೈವಿಂಗ್ ಅಂಗಡಿ, ಜೆಟ್ಟಿ ಎಲ್ಲ ಪೂರ್ವದ ಕಡೆ. ನಡುವೆ ಹತ್ತು ಹನ್ನೆರಡು ಕಿಲೋಮೀಟರ್. ನಸುಕಿನಲ್ಲಿ ದೋಣಿ ಹಿಡಿಯಬೇಕಾದವನು ಮಲಗಬೇಕಾದ್ದು 3 ಅಥವಾ 5ನೇ ನಂಬರ್ ಬೀಚಿನ ಹತ್ತಿರ. ಇಳಿತದ ಹೊತ್ತಿನಲ್ಲಿ ಅಲ್ಲಿ ಬರೀ ಕಲ್ಲು, ಕೆಸರು, ಈಜೋಕಾಗಲ್ಲ. ಆಗಲಿ ಬಿಡಿ, ಸೂರ್ಯಾಸ್ತಕ್ಕೆ ಸ್ಕೂಟರ್ ಏರಿ ರಾಧಾನಗರಕ್ಕೆ ಹೋದರಾಯ್ತು.

ಹೊಸಬರಿಗೆ ದಡದ ಪಕ್ಕದ ನೀಮೋ ರೀಫ್ ಸಾಕು. ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್ ಆಳದ ಜಾಗಗಳು, ಕಲಿತವರಿಗೆ ಮಾತ್ರ. ಕಲಿಯಲು ಮೂರು ನಾಲ್ಕು ದಿನ ಬೇಕು. 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು. ಪಾಸಾದರೆ 18 ಮೀಟರ್ ತನಕ ಇಳಿಯಬಹುದು. ಅಂದ ಹಾಗೆ ಆಳಕ್ಕೆ ಹೋದಂತೆ ಮೊದಲು ಮಾಯವಾಗೋದು ಕೆಂಪು ಬಣ್ಣ. ಹೀರೋನ ಕೆಂಪು ಶರ್ಟು ಬೂದಿ ಬಣ್ಣಕ್ಕೆ ತಿರುಗುತ್ತೆ!

ಹವಳದ ಬಗ್ಗೆ ಸುಳ್ಳು ಹೇಳಲ್ಲ. 2010ರಲ್ಲಿ ಕಡಲು ಕಾದು ಅಂಡಮಾನಿನ ಹವಳ ಬಿಳಿಚಿತು, ಬಹಳಷ್ಟು ಸತ್ತಿತು. ಮೀನಿಗೆ ಮಾತ್ರ ಬರವಿಲ್ಲ.

ಪಕ್ಕದ ನೀಲ್ ದ್ವೀಪ ಇನ್ನೂ ಚಿಕ್ಕದು, ಶಾಂತ. ಡೈವಿಂಗ್ ಅಂಗಡಿಗಳೂ ಕಮ್ಮಿ. ಹೊಸದಾಗಿ ಮದುವೆಯಾದವರು ಯೋಚಿಸಲಿ.

ನಮ್ಮ ಕಥೆಗೆ ಬರೋಣ. ಎರಡನೇ ದಿನವೇ ಗೆಳೆಯನಿಗೆ ನೆಗಡಿ! ಮೂರು ಮೀಟರ್ ಇಳಿಯುತ್ತಲೇ ಕಿವಿಯಲ್ಲಿ ಚಾಕು ಇರಿದ ಹಾಗೆ ನೋವು. ಮೂಗು ಹಿಡಿದು ಊದಿದರೂ ಕಿವಿ ಬಿಡಲಿಲ್ಲ. ಇವನು ಕೈ ಮುಗಿದು ಬೇಡಿದ, ಆದರೆ ತರಬೇತುದಾರ ಖಡಾಖಂಡಿತವಾಗಿ ಹೇಳಿದ: "ಹಠ ಮಾಡಿದರೆ ಕಿವಿಯ ತಮಟೆ ಹರಿಯುತ್ತೆ. ಮೂರು ದಿನ ನೀರಿಗಿಳೀಬೇಡ."

ಮೂರು ದಿನ ದಡದಲ್ಲಿ ಕೂತು ಎಳನೀರು ಕುಡಿದ. ಪೋರ್ಟ್‌ಬ್ಲೇರ್‌ನಲ್ಲಿ ಉಳಿದಿದ್ದರೆ ಅಲ್ಲಿಗೇ 'ಶುಭಂ' ಬೀಳುತ್ತಿತ್ತು. ಇಲ್ಲಿ ಐದನೇ ದಿನ ಬೆಳಿಗ್ಗೆ ಮೂಗು ಬಿಟ್ಟಿತು. ಅದೇ ಕೊನೇ ಅವಕಾಶ. ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಲೇಬೇಕು, ಗಾಳಿ ಎದ್ದರೆ ಹಡಗೂ ರದ್ದು. ಅದಕ್ಕೇ ಕಡೆಯ ಒಂದು ರಾತ್ರಿಯನ್ನು ಮಾತ್ರ ಪೋರ್ಟ್‌ಬ್ಲೇರ್‌ಗೆ ಇಟ್ಟುಕೊಂಡಿದ್ದೆವು.

ಇಳಿದ. ನಲವತ್ತು ನಿಮಿಷ ಆದ ಮೇಲೆ ಎದ್ದು ಬಂದ. ಬಾಯಲ್ಲಿದ್ದ ನಳಿಗೆ ಕಿತ್ತು ಮೊದಲು ಕೇಳಿದ್ದು:

"ಲೇ, ಸೆಕೆಂಡ್ ಶೋ ಎಷ್ಟೊತ್ತಿಗೋ?"